ಒಂದು ರಾಗ, ಮೂರು ದನಿ: ಶಾಸ್ತ್ರೀಯ ಧ್ವನಿಮುದ್ರಣಗಳನ್ನು ಕೂಡಿ ಕೇಳಿ ಹೋಲಿಸುವ ಬಗೆ

ರಾಯಚೂರು, ಕೊಪ್ಪಳದ ಕಡೆ ಹಾಡಿಕೆ ಕೇಳುವ ಕಿವಿಗಳಿಗೆ ಬರವಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ಈ ಭಾಗದ ಮಠಗಳಲ್ಲಿ ಪುರಾಣಕ್ಕೆ ಕೂತು ಹಾಡಿದ್ದರಿಂದ, ಸ್ವರದ ಹೆಸರು ಗೊತ್ತಿಲ್ಲದ ರೈತನಿಗೂ ಭೀಮಪಲಾಸಿ ರಾಗದ ಜಾಡು ಗೊತ್ತು. ರಾಯಚೂರಿನ ರಂಗಮಂದಿರಕ್ಕೆ ಇದೇ ಜಿಲ್ಲೆಯ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ದಾಸರ ಪದಗಳಂತೂ ಮನೆಮಾತು. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ಈ ನೆಲದವರು.

ಇಷ್ಟಿದ್ದೂ ನಾಲ್ಕು ಜನ ರಸಿಕರು ಕೂತಾಗ ಮಾತು ಸಾಮಾನ್ಯವಾಗಿ ಒಂದೇ ಕಡೆ ಹೋಗುತ್ತದೆ: ಭೀಮಸೇನ ಜೋಶಿಯವರು ದೊಡ್ಡವರೋ, ಮಲ್ಲಿಕಾರ್ಜುನ ಮನ್ಸೂರರು ದೊಡ್ಡವರೋ? ಒಬ್ಬರು ಮೂರು ನಿಮಿಷದ ಹಳೆಯ ಗ್ರಾಮಫೋನ್ ತಟ್ಟೆಯನ್ನು ನೆನೆದು ಮಾತಾಡುತ್ತಾರೆ, ಇನ್ನೊಬ್ಬರು ಮುಕ್ಕಾಲು ಗಂಟೆಯ ಕಛೇರಿಯನ್ನು. ಹೀಗೆ ಹೋಲಿಸಿದರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ. ಯಾವ ಧ್ವನಿಮುದ್ರಣ ಎಂಥ ಮಿತಿಯೊಳಗೆ ಹುಟ್ಟಿತು, ಆ ಮಿತಿಯೊಳಗೆ ಗಾಯಕರು ಏನನ್ನು ಆಯ್ದುಕೊಂಡರು, ಏನನ್ನು ಬಿಟ್ಟರು ಎಂದು ಕೇಳಿದಾಗಲೇ ಹೋಲಿಕೆಗೆ ಅರ್ಥ ಬರುತ್ತದೆ. ಆ ಬಗೆಯ ಕೇಳುಗರ ಕೂಟವನ್ನು ನಮ್ಮ ಊರುಗಳಲ್ಲಿ ಕಟ್ಟುವುದು ಹೇಗೆಂದು ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಜನ, ಜಾಗ, ಹೊತ್ತು

ನಾಲ್ಕರಿಂದ ಎಂಟು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಅದು ಸಭೆಯಾಗುತ್ತದೆ. ಭಾಷಣ ಶುರುವಾಗುತ್ತದೆ, ಕೇಳುವುದು ಹಿಂದೆ ಬೀಳುತ್ತದೆ. ಎಲ್ಲರೂ ಸಂಗೀತ ಕಲಿತವರೇ ಆಗಬೇಕಿಲ್ಲ. ಹಾರ್ಮೋನಿಯಂ ಬಲ್ಲ ಒಬ್ಬರು, ತಬಲಾದ ಲೆಕ್ಕ ಬಲ್ಲ ಒಬ್ಬರು ಇದ್ದರೆ ಉಳಿದವರಿಗೆ ದಾರಿ ಸಿಗುತ್ತದೆ. ಏನೂ ಕಲಿಯದೆ ಬರೀ ಕೇಳಿಯೇ ಬೆಳೆದವರು ಒಬ್ಬರಾದರೂ ಇರಲೇಬೇಕು. ರಾಗದ ಹೆಸರು ಗೊತ್ತಿರುವ ನಾವು ಕೇಳುವುದನ್ನು ಬಿಟ್ಟು ಗುರುತಿಸುವುದರಲ್ಲೇ ಮುಳುಗಿರುತ್ತೇವೆ. ಏನೂ ಕಲಿಯದವರು ದನಿಯನ್ನೇ ಕೇಳುತ್ತಾರೆ.

ಜಾಗದ ವಿಷಯದಲ್ಲಿ ನಮ್ಮ ಸೀಮೆಯ ದೊಡ್ಡ ಅಡ್ಡಿ ಬಿಸಿಲು. ಬೇಸಿಗೆಯಲ್ಲಿ ಫ್ಯಾನು, ಕೂಲರು ಇಲ್ಲದೆ ಕೂರಲು ಆಗದು. ಅವು ತಿರುಗುತ್ತಿದ್ದರೆ ತಂಬೂರಿ ಕೇಳಿಸದು. ತಂಬೂರಿ ಕೇಳಿಸದಿದ್ದರೆ ಗಾಯಕರ ಸ್ವರ ಯಾವುದಕ್ಕೆ ಹೊಂದಿಕೊಂಡು ನಿಂತಿದೆ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಮಾರ್ಚ್‌ನಿಂದ ಮೇ ತನಕ ಬೆಳಗಿನ ಆರಕ್ಕೆ ಸೇರಿ, ಎಂಟರೊಳಗೆ ಮುಗಿಸಿ. ತೋಡಿ, ಭೈರವ, ಅಹೀರ ಭೈರವದಂಥ ಬೆಳಗಿನ ರಾಗಗಳಿಗೆ ಅದು ತಕ್ಕ ಹೊತ್ತೂ ಹೌದು. ನವೆಂಬರ್‌ನಿಂದ ಫೆಬ್ರವರಿ ತನಕ ಸಂಜೆಯ ಕೂಟ ಇಟ್ಟು ಮಾರ್ವಾ, ಪೂರಿಯಾ, ಯಮನ್ ಹಚ್ಚಬಹುದು. ರಾಗಸಮಯ ಪಾಲಿಸಲೇಬೇಕೆಂಬ ಹಟ ನನಗಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಕೇಳಿದ ರಾಗ ಮನಸ್ಸಿಗೆ ಬೇಗ ಹತ್ತುತ್ತದೆ ಎಂಬುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಬರಿ ಗೋಡೆ, ಬರಿ ಬಂಡೆ ನೆಲದ ಕೋಣೆ ಗುಂಯ್‌ಗುಡುತ್ತದೆ. ಎರಡು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟರೆ ಅರ್ಧ ಸಮಸ್ಯೆ ಕಳೆಯಿತು. ಒಗ್ಗರಣಿ, ಮಿರ್ಚಿ, ಚಹಾ ಎಲ್ಲವೂ ಕೇಳಿ ಮುಗಿದ ಮೇಲೆ.

ಹೆಜ್ಜೆ 2: ರಾಗ ಒಂದೇ, ಧ್ವನಿಮುದ್ರಣ ಮೂರೇ

ಒಂದು ಕೂಟಕ್ಕೆ ಒಂದೇ ರಾಗ. ಅದಕ್ಕೆ ಮೂರು ಧ್ವನಿಮುದ್ರಣ, ಮೂವರು ತರಬೇಕು. ಇಪ್ಪತ್ತೈದು ನಿಮಿಷದ ಮೂರು ತುಣುಕು ಎಂದರೆ ಒಂದೂಕಾಲು ಗಂಟೆಯ ಗಟ್ಟಿ ಕೇಳುವಿಕೆ. ನಾಲ್ಕನೆಯದಕ್ಕೆ ಕಿವಿ ದಣಿದಿರುತ್ತದೆ, ಪಾಪ ಆ ನಾಲ್ಕನೆಯ ಗಾಯಕರಿಗೆ ಅನ್ಯಾಯವಾಗುತ್ತದೆ.

ರಾಗವನ್ನು ಹಿಂದಿನ ಕೂಟದಲ್ಲೇ ಗೊತ್ತುಮಾಡಿ. ತರುವವರು ಮನೆಯಲ್ಲಿ ಒಂದೆರಡು ಸಲ ಪೂರ್ತಿ ಕೇಳಿಯೇ ತರಬೇಕು. ಕೂಟದಲ್ಲಿ ಕೂತು ಫೋನಿನಲ್ಲಿ ಹುಡುಕುತ್ತಾ, ಇದಲ್ಲ, ತಡೀರಿ, ಇನ್ನೊಂದೈತಿ ಎನ್ನುವುದಕ್ಕೆ ಎಡೆ ಕೊಡಬೇಡಿ.

ಇಡೀ ಬಡಾ ಖ್ಯಾಲನ್ನು (ನಿಧಾನವಾಗಿ ರಾಗ ಬಿಡಿಸುವ ಹಾಡಿಕೆಯನ್ನು) ಮೂರೂ ಸಲ ಕೇಳಲು ಹೊತ್ತು ಸಾಲದಿದ್ದರೆ ಸಮಾನ ಭಾಗಗಳನ್ನು ಆಯ್ದುಕೊಳ್ಳಿ: ಆರಂಭದ ಆಲಾಪಕ್ಕೆ ಆರಂಭದ ಆಲಾಪ, ತಾನಿಗೆ (ವೇಗದ ಸ್ವರಸರಣಿಗೆ) ತಾನು, ದ್ರುತ್ ಬಂದಿಶ್‌ಗೆ (ವೇಗದ ಲಯದ ರಚನೆಗೆ) ದ್ರುತ್ ಬಂದಿಶ್. ಒಬ್ಬರ ವಿಲಂಬಿತದ (ನಿಧಾನ ಲಯದ) ಹಾಡಿಕೆಯ ಮುಂದೆ ಇನ್ನೊಬ್ಬರ ಚುರುಕಿನ ತರಾನಾ ಇಟ್ಟರೆ ವೇಗವೇ ಗೆಲ್ಲುತ್ತದೆ.

ಹೆಜ್ಜೆ 3: ಧ್ವನಿಮುದ್ರಣದ ಜಾತಕ ಬರೆಯಿರಿ

ಈ ಹೆಜ್ಜೆಯನ್ನು ಬಹಳ ಜನ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದು.

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಶುರುವಾದದ್ದು 1902ರ ನವೆಂಬರ್‌ನಲ್ಲಿ, ಕೋಲ್ಕತಾದಲ್ಲಿ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಎಂದು ತಿಳಿಯಬೇಕಲ್ಲ. ಹಳೆಯ ತಟ್ಟೆಯ ಕೊನೆಯಲ್ಲಿ ಹೀಗೆ ಹೆಸರು ಕೇಳಿಸಿದರೆ ಗುರುತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

1925ರವರೆಗೆ ಮೈಕ್ ಇರಲಿಲ್ಲ. ಗಾಯಕರು ತಗಡಿನ ಕಹಳೆಯೊಳಗೆ ಜೋರಾಗಿ ಹಾಡಬೇಕಿತ್ತು. ಮೆಲುದನಿ, ಪಿಸುಮಾತಿನಂಥ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ತಟ್ಟೆಗೆ ಇಳಿಯುತ್ತಲೇ ಇರಲಿಲ್ಲ. ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಅಬ್ದುಲ್ ಕರೀಂ ಖಾನರು (1872–1937) 1905ರಲ್ಲಿ ಹಾಡಿದ ತಟ್ಟೆಗಳೂ ಇವೆ, 1930ರ ದಶಕದಲ್ಲಿ ಮೈಕ್ ಮುಂದೆ ಹಾಡಿದ ತಟ್ಟೆಗಳೂ ಇವೆ. ಎರಡನ್ನೂ ಒಂದರ ಹಿಂದೊಂದು ಹಚ್ಚಿ ನೋಡಿ. ಆ ಅಂತರದಲ್ಲಿ ವಯಸ್ಸಿನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂಬ ಚರ್ಚೆಯೊಂದೇ ಒಂದು ಕೂಟಕ್ಕೆ ಸಾಕು.

ಹತ್ತು ಇಂಚಿನ 78 ವೇಗದ ತಟ್ಟೆಯ ಒಂದು ಬದಿಗೆ ಹಿಡಿಸುವುದು ಮೂರು, ಮೂರೂಕಾಲು ನಿಮಿಷ. ಇದರ ಪರಿಣಾಮವನ್ನು ಲೆಕ್ಕ ಹಾಕಿ. ಕಿರಾಣಾ ಘರಾಣೆಯ ಅತಿವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ (ತಾಲದ ಎಣಿಕೆ) ಒಂದು ಆವರ್ತನ ಸುತ್ತಿ ಬರಲು ಸಾಮಾನ್ಯವಾಗಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಮೂರು ನಿಮಿಷದ ತಟ್ಟೆಯಲ್ಲಿ ಅಂಥ ಆವರ್ತನ ಮೂರೋ ನಾಲ್ಕೋ! ಅದರಲ್ಲಿ ಖ್ಯಾಲು ಬಿಡಿಸುವುದು ಆಗದ ಮಾತು. ಹಾಗಾಗಿಯೇ ಆ ಕಾಲದ ತಟ್ಟೆಗಳಲ್ಲಿ ಮಧ್ಯಲಯ, ದ್ರುತ್, ಠುಮರಿಯಂಥ ಲಘು ಹಾಡು, ನಾಟ್ಯಗೀತೆಗಳೇ ಹೆಚ್ಚು. ಅವರಿಗೆ ವಿಸ್ತಾರ ಬರುತ್ತಿರಲಿಲ್ಲ ಎಂದು ಹಳೆಯ ಗಾಯಕರ ಬಗ್ಗೆ ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಮುಂದಿಡಿ. ಮೂರು ನಿಮಿಷದಲ್ಲಿ ರಾಗದ ಮುಖವನ್ನು ಪೂರ್ತಿ ತೋರಿಸಿ, ನಾಲ್ಕು ತಾನು ಹಾರಿಸಿ, ಸಮ್‌ಗೆ (ತಾಲದ ಮೊದಲ ಮಾತ್ರೆಗೆ) ತಂದು ನಿಲ್ಲಿಸುವ ಜಾಣ್ಮೆ ಬೇರೆಯೇ ವಿದ್ಯೆ.

ಆಮೇಲೆ ಬಂದ ಎಲ್‌ಪಿ (ದೀರ್ಘಾವಧಿ ತಟ್ಟೆ) ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿತು. ಗಾಯಕ ಉಸ್ತಾದ್ ಅಮೀರ್ ಖಾನರ ಮಾರ್ವಾ ಒಂದು ಬದಿ, ದರಬಾರಿ ಇನ್ನೊಂದು ಬದಿ ಇರುವ ಎಲ್‌ಪಿ ಆ ಸೌಕರ್ಯದ ಫಲ. ನಂತರದ ಕ್ಯಾಸೆಟ್ಟು ಒಂದು ಬದಿಗೆ ಮೂವತ್ತು ಅಥವಾ ನಲವತ್ತೈದು ನಿಮಿಷ ಕೊಟ್ಟಿತು. ಕಛೇರಿಯಲ್ಲಿ ನೇರವಾಗಿ ಹಿಡಿದ ಧ್ವನಿಗೆ ಈ ಮಿತಿಗಳಿಲ್ಲ, ಅದಕ್ಕೆ ಎದುರಿಗೆ ಕೂತ ಜನ ಇದ್ದಾರೆ. ವಾಹ್ ಎಂದ ಕಡೆಗೆ ಗಾಯಕರು ಮತ್ತೊಮ್ಮೆ ಹೋಗುತ್ತಾರೆ. ಸ್ಟುಡಿಯೋದಲ್ಲಿ ಹಾಗಾಗುವುದಿಲ್ಲ.

ಆಕಾಶವಾಣಿಯ ಧ್ವನಿಮುದ್ರಣಗಳಿಗೆ ಇನ್ನೊಂದು ಗುರುತಿದೆ. 1940ರಲ್ಲಿ ಹಾರ್ಮೋನಿಯಂ ಮೇಲೆ ಬಾನುಲಿಯವರು ಹೇರಿದ ನಿಷೇಧ 1970ರ ದಶಕದ ಆರಂಭದವರೆಗೂ ಇತ್ತು. ಆ ಕಾಲದ ಬಾನುಲಿ ಗಾಯನದಲ್ಲಿ ಸಾಥಿಗೆ (ಪಕ್ಕವಾದ್ಯವಾಗಿ) ಸಾರಂಗಿಯೋ ಪಿಟೀಲೋ ಇರುತ್ತದೆ. ಯಾರಾದರೂ 1955ರ ರೇಡಿಯೊ ಕಾರ್ಯಕ್ರಮ ಎಂದು ಕೊಟ್ಟ ತುಣುಕಿನಲ್ಲಿ ಹಾರ್ಮೋನಿಯಂ ಗಟ್ಟಿಯಾಗಿ ಕೇಳಿಸಿದರೆ, ಇಸವಿಯನ್ನೋ ಮೂಲವನ್ನೋ ಅನುಮಾನಿಸಿ. ಯೂಟ್ಯೂಬಿನ ಶೀರ್ಷಿಕೆಯನ್ನು ಎಂದೂ ಕಣ್ಣುಮುಚ್ಚಿ ನಂಬಬೇಡಿ; ರಾಗದ ಹೆಸರು ತಪ್ಪಿರುವುದು, ಶಿಷ್ಯರ ಹಾಡಿಗೆ ಗುರುಗಳ ಫೋಟೊ ಅಂಟಿಸಿರುವುದು ಅಲ್ಲಿ ದಿನದ ಮಾತು.

ಹೀಗೆ ಪ್ರತಿ ಧ್ವನಿಮುದ್ರಣಕ್ಕೂ ಒಂದು ಚೀಟಿ ಬರೆಯಿರಿ: ಗಾಯಕರು, ರಾಗ, ಬಂದಿಶ್‌ನ ಮೊದಲ ಸಾಲು, ತಾಲ, ಸಾಥಿದಾರರು, ತಟ್ಟೆಯೋ ಬಾನುಲಿಯೋ ಕಛೇರಿಯೋ, ಇಸವಿ, ಒಟ್ಟು ನಿಮಿಷ. ಗೊತ್ತಿಲ್ಲದ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಹೆಜ್ಜೆ 4: ವೇಗ, ಶ್ರುತಿ, ಸದ್ದಿನ ಮಟ್ಟ

78 ಎಂದು ಕರೆದರೂ ಹಳೆಯ ತಟ್ಟೆಗಳೆಲ್ಲ ಅದೇ ವೇಗದಲ್ಲಿ ಮುದ್ರಣವಾಗಿಲ್ಲ. ಕ್ಯಾಸೆಟ್ ಪ್ಲೇಯರ್‌ಗಳೂ ಹಳೆಯದಾದಂತೆ ಓಡುತ್ತವೆ ಅಥವಾ ಎಳೆಯುತ್ತವೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ ಮೇಲೇರುತ್ತದೆ, ಅಂದರೆ ಬಿಳಿಯಿಂದ ಪಕ್ಕದ ಕಪ್ಪಿಗೆ. ಮೂರು ನಿಮಿಷದ ತಟ್ಟೆ ಹತ್ತು ಸೆಕೆಂಡ್ ಬೇಗ ಮುಗಿದರೆ ಇಷ್ಟು ಆಗಿಬಿಡುತ್ತದೆ. ದನಿ ತೆಳ್ಳಗಾಗುತ್ತದೆ, ತಾನು ಇದ್ದುದಕ್ಕಿಂತ ಚುರುಕಾಗಿ ಕೇಳಿಸುತ್ತದೆ, ನಾವು ಅದನ್ನು ಗಾಯಕರ ಗುಣವೆಂದು ಹೊಗಳುತ್ತೇವೆ.

ಮಾಡಬೇಕಾದ್ದು ಇಷ್ಟು. ಹಾರ್ಮೋನಿಯಂ ಹಿಡಿದು ಷಡ್ಜ (ಆಧಾರ ಸ್ವರ ‘ಸ’) ಯಾವ ಮನೆಯಲ್ಲಿದೆ ಎಂದು ಗುರುತಿಸಿ. ಎರಡು ಮನೆಯ ನಡುವೆ ತೂಗುತ್ತಿದ್ದರೆ, ಸಾಥಿಗೆ ಹಾರ್ಮೋನಿಯಂ ಇದ್ದ ಧ್ವನಿಮುದ್ರಣದ ವೇಗ ತಪ್ಪಿರುವ ಸಾಧ್ಯತೆ ಹೆಚ್ಚು. ಅದೇ ಗಾಯಕರ, ಅದೇ ಕಾಲದ ಬೇರೆ ಧ್ವನಿಮುದ್ರಣಗಳ ಷಡ್ಜಕ್ಕೆ ಹೋಲಿಸಿ. ಒಂದೇ ಹಾಡು ಬೇರೆ ಬೇರೆ ಸಂಗ್ರಹಗಳಲ್ಲಿ ಸಿಕ್ಕರೆ ಎರಡರ ಅವಧಿ ನೋಡಿ. ಅವಧಿ ಬೇರೆಯಾಗಿದ್ದು ಹಾಡು ಪೂರ್ತಿಯಿದ್ದರೆ ಒಂದರ ವೇಗವಂತೂ ತಪ್ಪು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗವನ್ನು ಶೇಕಡಾವಾರು ಬದಲಿಸಬಹುದು. ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಬಳಸಿ.

ಗಂಗೂಬಾಯಿ ಹಾನಗಲ್ ಅವರ ಬಗ್ಗೆ ಮಾತ್ರ ಒಂದು ಎಚ್ಚರ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳ ದನಿ ಎತ್ತರದ್ದು, ತೆಳ್ಳಗಿನದು. ನಾವು ಬಲ್ಲ ಗಂಭೀರ ದನಿ ಗಂಟಲ ಚಿಕಿತ್ಸೆಯ ನಂತರ ಬಂದದ್ದು. ಹಳೆಯ ತಟ್ಟೆಯ ಎತ್ತರದ ದನಿಯನ್ನು ವೇಗದ ದೋಷವೆಂದು ತಿಳಿದು ಕೆಳಗಿಳಿಸಿದರೆ ಆ ಎಳೆಯ ದನಿಯನ್ನೇ ಕಳೆದಂತೆ.

ಸದ್ದಿನ ಮಟ್ಟವೂ ಸಮವಿರಲಿ. ತುಸು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎನ್ನಿಸುವುದು ಕಿವಿಯ ಸ್ವಭಾವ. ಮೂರೂ ತುಣುಕಿನ ಮೊದಲ ನಿಮಿಷ ಹಚ್ಚಿ, ಗಾಯಕರ ದನಿ ಒಂದೇ ದೂರದಲ್ಲಿ ಕೂತಂತೆ ಕೇಳುವವರೆಗೆ ತಿದ್ದಿ, ಗುಂಡಿ ಎಲ್ಲಿತ್ತೆಂದು ಚೀಟಿಯಲ್ಲೇ ಬರೆದಿಡಿ. ಫೋನಿನ ಈಕ್ವಲೈಜರ್ ಮುಚ್ಚಿಬಿಡಿ. ಸಣ್ಣ ಬ್ಲೂಟೂತ್ ಡಬ್ಬಿಗಳು ಬಾಸ್ ಉಬ್ಬಿಸಿ ಬಾಯಾಂ (ತಬಲಾದ ಎಡಗೈ ವಾದ್ಯ) ಒಂದನ್ನೇ ಮುಂದೆ ತರುತ್ತವೆ. ವೈರ್ ಹಾಕಿದ ಹಳೆಯ ಜೋಡಿ ಸ್ಪೀಕರ್ ಯಾರ ಮನೆಯಲ್ಲಿದೆಯೋ ಅಲ್ಲೇ ಕೂಟ ಇಡಿ. ಚರಚರ ಸದ್ದು ತೆಗೆಯುತ್ತೇವೆಂದು ತಂತ್ರಾಂಶದಿಂದ ಪೂರಾ ತೊಳೆದ ಪ್ರತಿಗಿಂತ ಸದ್ದಿರುವ ಪ್ರತಿಯೇ ಮೇಲು. ಆ ತೊಳೆಯುವಿಕೆಯಲ್ಲಿ ಮೊದಲು ಹೋಗುವುದು ತಂಬೂರಿಯ ಜೀವಾಳ.

ಹೆಜ್ಜೆ 5: ಕೇಳುವುದು, ಬರೆಯುವುದು

ಮೊದಲ ಸಲ ಹಚ್ಚಿದಾಗ ಪೆನ್ನು ಕೆಳಗಿರಲಿ. ಬರೆಯುತ್ತಾ ಕೇಳಿದರೆ ಮುಂದಿನ ಸ್ವರ ತಪ್ಪಿಹೋಗುತ್ತದೆ. ಎರಡನೆಯ ಸಲ, ಐದಾರು ನಿಮಿಷದಷ್ಟನ್ನೇ ಆಯ್ದು, ಗಡಿಯಾರ ಮುಂದಿಟ್ಟುಕೊಂಡು ಕೇಳಿ.

ಮಾರ್ವಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಪಂಚಮವಿಲ್ಲ, ರಿಷಭ ಕೋಮಲ (ತುಸು ತಗ್ಗಿದ್ದು), ಮಧ್ಯಮ ತೀವ್ರ (ತುಸು ಏರಿದ್ದು). ಪೂರಿಯಾಕ್ಕೂ ಸೋಹನಿಗೂ ಇವೇ ಸ್ವರಗಳು. ಮೂರನ್ನೂ ಬೇರ್ಪಡಿಸುವುದು ಗಾಯಕರು ಎಲ್ಲಿ ನಿಲ್ಲುತ್ತಾರೆ ಎಂಬುದು. ಮಾರ್ವಾ ರಿಷಭ-ಧೈವತಗಳ ಮೇಲೆ ನಿಲ್ಲುತ್ತದೆ, ಪೂರಿಯಾ ಗಾಂಧಾರ-ನಿಷಾದಗಳಿಗೆ ಒಲಿದು ಮಂದ್ರದಲ್ಲಿ ಇಳಿದಾಡುತ್ತದೆ, ಸೋಹನಿ ತಾರ ಷಡ್ಜದ ಸುತ್ತ ಮೇಲೆಯೇ ಹಾರುತ್ತದೆ. ಮಾರ್ವಾದಲ್ಲಿ ಷಡ್ಜವನ್ನು ಬೇಕೆಂದೇ ಮುಂದೂಡುತ್ತಾರೆ. ತಂಬೂರಿ ಅದನ್ನೇ ಮೀಟುತ್ತಿರುತ್ತದೆ, ಗಾಯಕರು ಅದರ ಮೇಲೂ ಕೆಳಗೂ ಸುಳಿದಾಡಿ ಮುಟ್ಟದೆ ಬಿಡುತ್ತಾರೆ. ಮುಸ್ಸಂಜೆಯ ಆ ಕಳವಳ ಬರುವುದು ಅಲ್ಲಿಂದಲೇ.

ಅಮೀರ್ ಖಾನರ ಮಾರ್ವಾ ಮತ್ತು ವಸಂತರಾವ್ ದೇಶಪಾಂಡೆಯವರ ಮಾರ್ವಾ ಹಚ್ಚಿ ಹೀಗೆ ಕೇಳಿಕೊಳ್ಳಿ. ಆರಂಭವಾದ ಎಷ್ಟು ಹೊತ್ತಿಗೆ ಷಡ್ಜದ ಮೇಲೆ ಪೂರ್ತಿ ನಿಂತರು? ನಿಂತಾಗ ಹಗುರವೆನ್ನಿಸಿತೇ? ಕೋಮಲ ರಿಷಭವನ್ನು ಮೇಲಿಂದ ಜಾರಿ ಹಿಡಿದರೋ, ಕೆಳಗಿಂದ ಏರಿ ಮುಟ್ಟಿದರೋ? ಒಬ್ಬರು ಒಂದೊಂದೇ ಸ್ವರ ಸೇರಿಸುತ್ತಾ ಹೋದರೆ, ಇನ್ನೊಬ್ಬರು ಸ್ವರಗಳ ಗೊಂಚಲನ್ನೇ ಒಮ್ಮೆಗೆ ಎಸೆದರೇ? ಉತ್ತರದ ಪಕ್ಕ ನಿಮಿಷ-ಸೆಕೆಂಡ್ ಬರೆಯಿರಿ. ನಮ್ಮ ಕೂಟದಲ್ಲಿ ನಡೆದ ಒಂದು ಮಾತುಕತೆ ನೆನಪಿದೆ. ಬ್ಯಾಂಕಿನ ಕೆಲಸದಲ್ಲಿರುವ ಯುವಕ ಹೇಳಿದ: ‘ಮಾಸ್ತರ, ಈಗ ಷಡ್ಜಕ್ಕ ಬರ್ತಾರ, ಈಗ ಬರ್ತಾರ ಅಂತ ಕಾಯ್ತಾ ಕುಂತೀನ್ರಿ. ಬರಾವಲ್ರು.’ ನಿವೃತ್ತ ಸಂಗೀತ ಮಾಸ್ತರರು ನಕ್ಕರು: ‘ಹಂಗ ಕಾಯಿಸೂದ ಮಾರ್ವಾ ನೋಡಪಾ. ನಿನಗ ತಿಳಿದೈತಿ, ಹೆಸರು ಗೊತ್ತಿರಲಿಲ್ಲ ಅಷ್ಟ.’

ಲಯಕ್ಕೂ ಗಡಿಯಾರ ಹಿಡಿಯಿರಿ. ಒಂದು ಸಮ್‌ನಿಂದ ಮುಂದಿನ ಸಮ್‌ಗೆ ಎಷ್ಟು ಸೆಕೆಂಡ್? ಜೈಪುರ ಘರಾಣೆಯವರ ವಿಲಂಬಿತ ತೀನತಾಲದ ಹದಿನಾರು ಮಾತ್ರೆಗಳು ಹಲವು ಸಲ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತವೆ. ಹೀಗಾಗಿ ಅದೇ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರ (1910–1992) ಗಾಯನದಲ್ಲಿ ಆಲಾಪವೂ ತಾಲದ ಹೆಗಲೇರಿಯೇ ನಡೆಯುತ್ತದೆ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದಂತೆ ಒಂದು ಮಾತಿನೊಳಗಿಂದ ಇನ್ನೊಂದು ಹುಟ್ಟುತ್ತದೆ. ಕಿರಾಣಾದ ಭೀಮಸೇನ ಜೋಶಿಯವರಲ್ಲಿ (1922–2011) ತಾಲ ದೂರದಲ್ಲಿ ಹರಡಿಕೊಂಡಿರುತ್ತದೆ. ಸ್ವರ ಮೊದಲು, ಸಮ್ ಆಮೇಲೆ. ಇಬ್ಬರಲ್ಲಿ ಯಾರು ಮೇಲು ಎಂಬ ಪ್ರಶ್ನೆ ಆವರ್ತನ ಎಣಿಸಿದ ಮೇಲೆ ತಾನಾಗಿ ಸಣ್ಣದಾಗುತ್ತದೆ. ಒಬ್ಬರು ಇಪ್ಪತ್ತು ಸೆಕೆಂಡಿನ ಅಂಗಳದಲ್ಲಿ ಏನು ಕಟ್ಟಿದರು, ಇನ್ನೊಬ್ಬರು ಐವತ್ತು ಸೆಕೆಂಡಿನ ಬಯಲನ್ನು ಹೇಗೆ ತುಂಬಿದರು ಎಂಬ ದೊಡ್ಡ ಪ್ರಶ್ನೆ ಎದುರು ಬರುತ್ತದೆ.

ಹೆಸರು ಹೇಳದೆ ಹಚ್ಚುವ ಆಟವನ್ನೂ ಒಮ್ಮೊಮ್ಮೆ ಆಡಿ. ಭೀಮಸೇನರು ಎಂದ ಕೂಡಲೇ ಕೈ ಜೋಡಿಸುವ ನೆಲ ನಮ್ಮದು. ಹೆಸರು ಮುಚ್ಚಿಟ್ಟರೆ ಕಿವಿಗೆ ಸ್ವಾತಂತ್ರ್ಯ ಸಿಗುತ್ತದೆ. ಆದರೆ ಒಂದು ‘ಆ’ಕಾರಕ್ಕೇ ಗುರುತು ಸಿಗುವ ದೊಡ್ಡ ದನಿಗಳಿಗೆ ಈ ಆಟ ನಡೆಯದು. ವಾದ್ಯಗಳಿಗೆ, ಕಡಿಮೆ ಕೇಳಿದ ಗಾಯಕರಿಗೆ ಇಟ್ಟುಕೊಳ್ಳಿ.

ಹೆಜ್ಜೆ 6: ಮಾತಾಡುವ ಕ್ರಮ

ಮೂರೂ ಕೇಳಿ ಮುಗಿದ ಮೇಲೆಯೇ ಮಾತು. ಮೊದಲ ಮಾತು ಕಿರಿಯರದು ಅಥವಾ ಕಲಿಯದವರದು. ಮಾಸ್ತರರು ಮೊದಲೇ ತೀರ್ಪು ಕೊಟ್ಟರೆ ಉಳಿದವರೆಲ್ಲ ಹೌದ್ರಿ ಸರ ಎಂದು ಸುಮ್ಮನಾಗುತ್ತಾರೆ. ಧ್ವನಿಮುದ್ರಣ ತಂದವರದು ಕೊನೆಯ ಸರದಿ. ತಾನು ತಂದದ್ದರ ಪರ ವಕೀಲಿ ಮಾಡುವ ಆಸೆ ಯಾರಿಗೂ ತಪ್ಪಿದ್ದಲ್ಲ.

‘ಚಲೋ ಐತಿ’ ಎಂದವರಿಗೆ ‘ಎಲ್ಲಿ?’ ಎಂದು ಕೇಳಿ. ಅವರು ಎಂಟನೆಯ ನಿಮಿಷದ ಹತ್ತಿರ ಎಂದರೆ ಅಲ್ಲಿಗೇ ಹೋಗಿ ಮತ್ತೊಮ್ಮೆ ಹಚ್ಚಿ. ಹತ್ತು ಮಾತಿನಲ್ಲಿ ಆಗದ ಒಪ್ಪಂದ ಅರ್ಧ ನಿಮಿಷದ ಮರುಕೇಳುವಿಕೆಯಲ್ಲಿ ಆಗುತ್ತದೆ. ಆಗದಿದ್ದರೂ ಭಿನ್ನಾಭಿಪ್ರಾಯ ಯಾವ ಸ್ವರದ ಮೇಲಿದೆ ಎಂದು ಇಬ್ಬರಿಗೂ ತಿಳಿಯುತ್ತದೆ. ಗಾಯಕರ ಜಾತಿ, ಊರು, ಕುಡಿತ, ಪ್ರಶಸ್ತಿಗಳ ಪುರಾಣ ಬೇಡ. ಹಾಡಿಗೆ ಸಂಬಂಧಪಟ್ಟ ಜೀವನಕಥೆ ಮಾತ್ರ ಇರಲಿ.

ಹೆಜ್ಜೆ 7: ಹಂಚಿಕೊಳ್ಳುವುದು, ಕಾನೂನಿನೊಳಗೆ

ಕೂಟಗಳ ನಡುವೆ ವಾಟ್ಸಾಪ್ ಗುಂಪು ಉಪಯೋಗಕ್ಕೆ ಬರುತ್ತದೆ, ಮಿತಿ ಇದ್ದರೆ. ವಾರಕ್ಕೆ ಒಂದೇ ಕೊಂಡಿ, ಜೊತೆಗೆ ಎರಡು ಸಾಲು: ಯಾಕೆ ಕಳಿಸಿದೆ, ಎಷ್ಟನೆಯ ನಿಮಿಷ ಕೇಳಬೇಕು. ಹತ್ತು ಕೊಂಡಿ ಒಟ್ಟಿಗೆ ಬಿದ್ದರೆ ಒಂದನ್ನೂ ಯಾರೂ ತೆರೆಯುವುದಿಲ್ಲ. ಸ್ಪೀಕರ್ ಮುಂದೆ ಫೋನ್ ಹಿಡಿದು ಧ್ವನಿ ಸಂದೇಶವಾಗಿ ಕಳಿಸಬೇಡಿ. ಆ ಸೌಲಭ್ಯ ಮಾತಿಗೆಂದು ಮಾಡಿದ್ದು, ಸಂಗೀತವನ್ನು ಹಿಂಡಿಬಿಡುತ್ತದೆ. ನಿಮ್ಮದೇ ಕಡತ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದ ಗುಣಮಟ್ಟದಲ್ಲೇ ತಲುಪುತ್ತದೆ.

ಕಾನೂನು ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1960ರಲ್ಲಿ ಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. 1985ರ ಕ್ಯಾಸೆಟ್ಟಿನದು ಇನ್ನೂ ಇದೆ. ಅದರ ನಕಲು ಹಂಚಬೇಡಿ, ಅಧಿಕೃತ ಕೊಂಡಿ ಕಳಿಸಿ. ಲಾಭಕ್ಕಲ್ಲದೆ ನಡೆಯುವ ಕ್ಲಬ್ಬು, ಅಂಥದೇ ಸಂಘಗಳು ತಮ್ಮ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಣ ಕೇಳಿಸುವುದಕ್ಕೆ ಇದೇ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟು ದುಡ್ಡು ಮಾಡಲು ಹೊರಟರೆ ಆ ನೆರಳು ಸಿಗದು.

ಮನೆಯ ಬೈಠಕ್ಕಿನಲ್ಲಿ, ಮಠದಲ್ಲಿ ಹಿಡಿದ ಧ್ವನಿಗಳದು ಬೇರೆ ಮಾತು. ಗಾಯಕರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳದೆ ಹೊರಗೆ ಬಿಡಬಾರದು. ಗಂಟಲು ಕೆಟ್ಟ ದಿನ ಹಾಡಿದ್ದು ಊರೆಲ್ಲ ಸುತ್ತುವುದನ್ನು ಯಾವ ಕಲಾವಿದರೂ ಒಪ್ಪುವುದಿಲ್ಲ.

ಹೆಜ್ಜೆ 8: ಅಟ್ಟದ ಮೇಲಿನ ಕ್ಯಾಸೆಟ್ಟು

ನಿಮ್ಮ ಕೂಟದ ನಿಜವಾದ ಸಂಪತ್ತು ಬಹುಶಃ ಯಾರದೋ ಮನೆಯ ಟ್ರಂಕಿನಲ್ಲಿದೆ. ತಗಡಿನ ಮಾಡಿನ ಕೆಳಗೆ ನಮ್ಮ ಬಿಸಿಲಿಗೆ ಟೇಪು ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಮೊದಲು ಅಲ್ಲಿಂದ ತಂಪಾದ ಕೋಣೆಗೆ ತನ್ನಿ. ಹಚ್ಚುವ ಮುನ್ನ ಕ್ಯಾಸೆಟ್ಟಿನ ಮೇಲ್ಬದಿಯ ಎರಡು ಸಣ್ಣ ಪ್ಲಾಸ್ಟಿಕ್ ಕೊಂಡಿಗಳನ್ನು ಮುರಿಯಿರಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಬಿಗಿ ಸಮವಾಗುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪಿಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ನಮ್ಮ ಧೂಳಿಗೆ ಎರಡು ಮೂರು ಕ್ಯಾಸೆಟ್ಟಿಗೊಮ್ಮೆ ಒರೆಸಬೇಕಾಗುತ್ತದೆ.

ಪ್ಲೇಯರಿನಿಂದ ಕಂಪ್ಯೂಟರಿಗೆ ವೈರ್ ಜೋಡಿಸಿ ನೇರ ಇಳಿಸಿ, 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಕಡತವಾಗಿ. ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು ಹತ್ತು ಎಂಬಿ, ಒಂದು ಗಂಟೆಯ ಕ್ಯಾಸೆಟ್ಟಿಗೆ ಆರುನೂರು. ಅದನ್ನು ಫ್ಲ್ಯಾಕ್ ಮಾಡಿದರೆ ಏನೂ ಕಳೆಯದೆ ಅರ್ಧದಷ್ಟಾಗುತ್ತದೆ. ಎಂಪಿ3 ಪ್ರತಿ ಬೇಕಿದ್ದರೆ ಅದರಿಂದ ತೆಗೆಯಿರಿ, ಮೂಲವನ್ನು ಮಾತ್ರ ಎಂಪಿ3ರಲ್ಲಿ ಇಡಬೇಡಿ. ಕಡತದ ಹೆಸರಲ್ಲೇ ಗಾಯಕರು, ರಾಗ, ಊರು, ಇಸವಿ ಬರಲಿ. ಕ್ಯಾಸೆಟ್ಟಿನ ಮೇಲಿನ ಕೈಬರಹದ ಫೋಟೊ ತೆಗೆದು ಜೊತೆಗಿಡಿ. ಎರಡು ಪ್ರತಿ, ಎರಡು ಮನೆಗಳಲ್ಲಿ.

ಹೆಜ್ಜೆ 9: ಯಾವುದರಿಂದ ಶುರು ಮಾಡಬೇಕು?

ಹೊಸಬರು ಹೆಚ್ಚಿದ್ದರೆ ಖ್ಯಾಲು ಬೇಡ, ವಚನದಿಂದ ತೊಡಗಿ. ಮನ್ಸೂರರು, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೂವರೂ ವಚನ ಹಾಡಿದವರು. ಮಾತು ತಿಳಿಯುವುದರಿಂದ ಗಮನ ಸ್ವರದ ಕಡೆಗೆ ಸುಲಭವಾಗಿ ತಿರುಗುತ್ತದೆ: ಯಾವ ಪದವನ್ನು ಎಳೆದರು, ಅಂಕಿತದ ಮೇಲೆ ಹೇಗೆ ನಿಂತರು, ತಾನು ಹಾಕಿದಾಗ ಮಾತು ಉಳಿಯಿತೋ ಕರಗಿತೋ.

ಎರಡನೆಯ ಕೂಟಕ್ಕೆ ಗುರುಪರಂಪರೆ. ಬಾಲಕ ಭೀಮಸೇನರನ್ನು ಮನೆಬಿಟ್ಟು ಗುರುವನ್ನು ಹುಡುಕುವಂತೆ ಮಾಡಿದ್ದು ಅಬ್ದುಲ್ ಕರೀಂ ಖಾನರ ಒಂದು ತಟ್ಟೆ, ಝಿಂಝೋಟಿಯ ‘ಪಿಯಾ ಬಿನ್ ನಹೀ ಆವತ ಚೈನ್’ ಠುಮರಿ. ಮುಂದೆ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತರು, ಅದೇ ಠುಮರಿಯನ್ನು ತಾವೂ ಹಾಡಿದರು. ಮೂರು ನಿಮಿಷದ ಮೂಲವನ್ನು ಮೊದಲು ಹಚ್ಚಿ, ಆಮೇಲೆ ಭೀಮಸೇನರದು. ತಟ್ಟೆ ಮುಗಿದುಹೋದದ್ದಕ್ಕೆ ಖಾನರು ಬಿಟ್ಟ ಯಾವ ಮಾತನ್ನು ಜೋಶಿಯವರು ಮುಂದುವರಿಸಿದರು ಎಂದು ಹುಡುಕಿ. ‘ಜಮುನಾ ಕೇ ತೀರ’ ಭೈರವಿಗೂ ಇದೇ ದಾರಿ.

ಬಳ್ಳಾರಿಯಿಂದ ಯಾರಾದರೂ ಬಂದರೆ ಕೂಟಕ್ಕೆ ಇನ್ನೊಂದು ಬಾಗಿಲು ತೆರೆಯಿತೆನ್ನಿ. ಅಲ್ಲಿನವರಿಗೆ ಕರ್ನಾಟಕ ಸಂಗೀತದ ಬಳಕೆ ಹೆಚ್ಚು. ಮಾಲಕೌಂಸ್‌ಗೆ ಹಿಂದೋಳ, ಭೂಪಕ್ಕೆ ಮೋಹನ, ಯಮನ್‌ಗೆ ಕಲ್ಯಾಣಿ, ದುರ್ಗಾಕ್ಕೆ ಶುದ್ಧಸಾವೇರಿ ಜೋಡಿ ಮಾಡಿ. ಸ್ವರ ಬಹುತೇಕ ಒಂದೇ, ಗಮಕದ (ಸ್ವರವನ್ನು ಅಲುಗಿಸುವ ಬಗೆಯ) ತೂಗು ಬೇರೆ. ಹಂಪಿಯ ವಿಠಲನ ಗುಡಿಯ ಹತ್ತಿರ ಪುರಂದರ ಮಂಟಪವಿರುವ ಸೀಮೆಯವರು ದಾಸರ ಪದ ಬಿಡುವುದುಂಟೇ? ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಭೀಮಸೇನರ ದನಿಯಲ್ಲಿ ಕೇಳಿ, ಬೆನ್ನಿಗೇ ಕರ್ನಾಟಕ ಪದ್ಧತಿಯವರು ಮಧ್ಯಮಾವತಿಯಲ್ಲಿ ಹಾಡಿದ್ದನ್ನು ಹಚ್ಚಿ. ಎರಡು ಧಾಟಿ, ಎರಡು ನಡಿಗೆ. ಲಕ್ಷ್ಮಿ ಯಾವುದರಲ್ಲಿ ಹೆಜ್ಜೆ ಎಣಿಸಿ ಬರುತ್ತಾಳೆ, ಯಾವುದರಲ್ಲಿ ಸರಸರನೆ ಬರುತ್ತಾಳೆ ಎಂದು ಮನೆಯ ಹೆಂಗಸರನ್ನು ಕೇಳಿ. ಶುಕ್ರವಾರ ಶುಕ್ರವಾರ ಇದನ್ನು ಹಾಡುವವರು ಅವರು, ಉತ್ತರ ಅವರ ಬಳಿಯೇ ಇರುತ್ತದೆ.